ಮನೆ ಸಿಗುವ ಊರು

ನಡೆದದ್ದು ನಡೆದ ಹಾಗೆಯೇ ಇಲ್ಲಿದೆ. ಎಲ್ಲಾದರೂ ಉಪ್ಪುಖಾರ ಹೆಚ್ಚಾಗಿದ್ದರೆ ಅದು ಕ್ಯಾಶಿಯರ್ ಶಿದ್ಲಿಂಗಪ್ಪನ ಕೈಗುಣ, ಹೇಳುವವರ ತಪ್ಪಲ್ಲ. ಸಂಶಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಉಡಚಪ್ಪ ಆ ಬೆಳಿಗ್ಗೆ ಕಣ್ಣು ಬಿಟ್ಟಾಗ ಇವತ್ತು ಏನೋ ಒಂದು ಮಾಡಬೇಕಾದದ್ದಿದೆ ಅನ್ನಿಸಿತು. ಅದು ಏನು ಎಂದು ನೆನಪಾಗುವವರೆಗೂ ತೊಲೆ ನೋಡುತ್ತ ಮಲಗಿದ್ದ. ನೆನಪಾಯಿತು: ಇವತ್ತು ಸಂಜೆಯೊಳಗೆ ಒಂದು ಊರಿನ ಹೆಸರು ಹೇಳಬೇಕು. ಆಫೀಸರನಾಗಿ ಬಡ್ತಿ ಬಂದಿತ್ತು. ಹೆಡ್ಡಾಫೀಸಿನವರು ಧಾರಾಳಿಗಳಾಗಿ, ಬೆಂಗಳೂರು, ಮೈಸೂರು, ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ, ಇವುಗಳಲ್ಲಿ ಯಾವುದು ಬೇಕೋ ಹೇಳು ಎಂದಿದ್ದರು. ಸಂಜೆ ಮ್ಯಾನೇಜರು ಅದನ್ನು ಫೋನಿನಲ್ಲಿ ತಿಳಿಸುತ್ತಾರೆ. ಹೇಳದಿದ್ದರೆ ಬಡ್ತಿ ಬೇಡವೆಂದಂತೆ. ಉಳಿದವರಿಗೆ ಇಂಥ ದಿನ ಪೇಢೆ ಹಂಚುವ ದಿನ. ಅವರು ಮೊದಲು ಊರು ಗೊತ್ತುಮಾಡಿ ಆಮೇಲೆ ಅಲ್ಲಿ ಮನೆ ಹುಡುಕುತ್ತಾರೆ. ಉಡಚಪ್ಪನ ತಲೆಯಲ್ಲಿ ಅದು ತಿರುವುಮುರುವಾಗಿ ಕೂತಿತ್ತು. ಯಾವ ಊರಿನಲ್ಲಿ ತನಗೆ ಮನೆ ಕೊಟ್ಟಾರು ಎಂಬುದು ಮೊದಲು ಗೊತ್ತಾಗಬೇಕು, ಊರು ಆಮೇಲೆ. ಸಂಶಿಯಲ್ಲಿ ಮೂರು ವರ್ಷ ಈ ಹೆದರಿಕೆ ಇರಲಿಲ್ಲ. ಬ್ಯಾಂಕಿನ ಹಿಂದೆಯೇ ಬ್ಯಾಂಕಿನದೇ ಎರಡು ಖೋಲಿ ಇದ್ದವು. ಯಾರ ಪಡಸಾಲೆಯಲ್ಲೂ ನಿಂತು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

ಒಲೆಯ ಮುಂದೆ ಹೆಂಡತಿ ರಾಮವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾವ ಊರರ ಆಗಲಿ, ನಳಾ ಮಾತ್ರ ಮನಿಯೊಳಗಿರಲಿ ನೋಡ್ರಿ" ಎಂದಳು, ಕೈ ನಿಲ್ಲಿಸದೆ. "ಮತ್ತ ಬಾಬಾಸಾಹೇಬರ ಫೋಟೋ ಅಲ್ಲಿ ಹೊರಗಿನ ಖೋಲಿಯಾಗ ಹಾಕೂದೋ, ಒಳಗಿನದರಾಗೋ, ಈಗಲೇ ಹೇಳಿಬಿಡ್ರಿ. ಆಮ್ಯಾಲ ಅಲ್ಲಿ ಹೋಗಿ ಮಾರಿ ಸಣ್ಣದು ಮಾಡಬ್ಯಾಡ್ರಿ." ಇದು ಚೇಷ್ಟೆಯೋ ನಿಜವಾದ ಪ್ರಶ್ನೆಯೋ ಗೊತ್ತಾಗಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಉಡಚಪ್ಪ ಮನಸ್ಸಿನಲ್ಲೇ ಒಂದೊಂದು ಊರಿಗೆ ಹೋಗಿ, ಒಂದೊಂದು ಮನೆಯ ಗೋಡೆಗೆ ಮೊಳೆ ಹೊಡೆದು ನೋಡಿದ. ಹೊಡೆದ ಕೂಡಲೇ ಗೋಡೆಯ ಆಚೆ ಯಾರೋ ಮಾತು ನಿಲ್ಲಿಸಿದಂತಾಗುತ್ತಿತ್ತು.

ಬ್ಯಾಂಕಿಗೆ ಕಾಲಿಟ್ಟರೆ ಅಲ್ಲಿ ಆಗಲೇ ಊರುಗಳ ಪಂಚಾಯಿತಿ ಸೇರಿತ್ತು. "ನೀರು ನೋಡ್ರಿ ಮೊದಲ" ಎನ್ನುತ್ತಿದ್ದರು ಮ್ಯಾನೇಜರು. "ಹುಬ್ಬಳ್ಳಿಯೊಳಗ ನೀರು ಬರೂದು ಬೀಗರು ಬಂದಂಗ. ಹೇಳದ ಬರ್ತದ, ಕೈಕಾಲು ತೊಳಿಯೂದರಾಗ ಹೊಂಟು ಹೋಗ್ತದ." ಸಿಪಾಯಿ ತಿರಕಪ್ಪ ಚಹದ ಕಪ್ಪು ಇಡುತ್ತ ತನ್ನ ಅಳಿಯನ ಬೆಂಗಳೂರನ್ನು ತಂದ. "ಅಲ್ಲಿ ಬಾಜೂ ಮನಿಯಾವ ಸತ್ತರೂ ಪೇಪರಿನ್ಯಾಗ ಓದಿ ತಿಳಕೋಬೇಕಂತ್ರಿ. ಯಾರು, ಎಲ್ಲಿಯವರು, ಒಬ್ಬರರ ಕೇಳಂಗಿಲ್ಲಂತ. ಅದೂ ಒಂದು ಊರ ಏನ್ರಿ?" ಎಲ್ಲರೂ ಛೆ ಎಂದರು. ಉಡಚಪ್ಪನೂ ಛೆ ಎಂದ. ಎಂದವನಿಗೆ ಒಳಗೆ, ಆಹಾ, ಎಂಥ ಊರಪ್ಪ ಅದು, ಅನ್ನಿಸಿತು.

ಇಂಥ ಪಂಚಾಯಿತಿಗೆ ಶಿದ್ಲಿಂಗಪ್ಪ ಇಲ್ಲದಿದ್ದರೆ ಬಣ್ಣವಿಲ್ಲ. ಕ್ಯಾಶಿನ ಜಾಳಿಗೆಯ ಹಿಂದೆ ಕೂತ ಆ ಕುಳ್ಳ ಮನುಷ್ಯನ ಗಂಟಲಲ್ಲಿ ಅರ್ಧ ರಾಜ್ಯ ಸಂಸಾರ ಹೂಡಿತ್ತು. ಎದ್ದು ನಿಂತು, ಪೆನ್ನನ್ನು ಕಿವಿಗೆ ಸಿಕ್ಕಿಸಿ, ಬೆಂಗಳೂರಿನ ಕಂಡಕ್ಟರನಾದ: "ಯಾರ್ರೀ ಟಿಕೆಟ್, ಒಳಗಡೆ ಹೋಗ್ರೀ ಸ್ವಾಮಿ, ಚಿಲ್ಲರೆ ಕೊಡ್ರೀ ಚಿಲ್ಲರೆ!" ಒಂದೇ ಉಸಿರಿಗೆ ಹುಬ್ಬಳ್ಳಿಯ ಖಾನಾವಳಿಯವನಾಗಿ, "ಏನ್ ಬೇಕು? ಲಗೂನ ಹೇಳ. ಬ್ಯಾಡಾದ್ರ ಬಾಜೂ ಸರಿ!" ಎಂದು ಗದರಿದ. ಬೆಳಗಾವಿಗೆ ಹೋಗಿ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಚೌಕಾಸಿ ಮುಗಿಸಿದ. ದಾವಣಗೆರೆಯಲ್ಲಿ ಗಿರಣಿಯ ಸೀಟಿ ಕೇಳಿದ ಮೇಲೆಯೇ ಸೂರ್ಯ ಏಳುವುದು ಎಂದು ಸೀಟಿ ಊದಿದ. ಮೈಸೂರಿಗೆ ಬಂದಾಗ ಮಾತ್ರ ಮೈ ಬಾಗಿಸಿ, ಅಂಗೈ ಉಜ್ಜಿ, "ದಯಮಾಡಿಸಬೇಕು, ಕಾಫಿ ತಗೋತೀರೋ, ಇಲ್ಲಾ ಮನೇಲೇ ಆಗಿದ್ಯೋ?" ಎಂದ. "ಆಗಿದ್ಯೋ ಅನ್ನೂ ಧಾಟಿಯೊಳಗನ ಒಂದ ಕಪ್ಪು ಉಳಿತಾಯ ನೋಡಪಾ" ಎಂದು ತಾನೇ ಅರ್ಥ ಹೇಳಿ, ಎಲ್ಲರೂ ನಗುವಷ್ಟರಲ್ಲಿ ಉಡಚಪ್ಪನ ಹೆಗಲಿಗೆ ಕೈ ಹಾಕಿ, "ಲೇ ಸಾಹೇಬ, ನೀ ಮೈಸೂರಿಗೇ ಹೋಗು. ಮೈಗೊಂದು ಸೂರು ಅಂತ ಹೆಸರಿನ್ಯಾಗ ಐತಿ" ಎಂದ. ಶಿದ್ಲಿಂಗಪ್ಪನೂ ಅದೇ ಬಡ್ತಿ ಪರೀಕ್ಷೆಗೆ ಕೂತಿದ್ದ. ಪಾಸಾಗಿರಲಿಲ್ಲ. "ಬಾಯಿ ಪರೀಕ್ಷಾ ಇಟ್ಟಿದ್ರ ಚೇರ್ಮನ್ನ ಆಗತಿದ್ದೆ" ಎಂದು ತಾನೇ ಹೇಳಿ ನಕ್ಕಿದ್ದ. ಫಲಿತಾಂಶ ಬಂದ ದಿನ ಮ್ಯಾನೇಜರು ಎಲ್ಲರೆದುರು ಉಡಚಪ್ಪನ ಕೈ ಕುಲುಕಿದಾಗ ಹಿಂದಿನಿಂದ ಯಾರೋ ಕೆಮ್ಮಿದ್ದರು. ಬರಿಯ ಕೆಮ್ಮು. ಹತ್ತಿಯ ಕಾಲ, ಊರೆಲ್ಲ ಹತ್ತಿಯ ನವಿರು ಹಾರಾಡುವಾಗ ಯಾರಾದರೂ ಕೆಮ್ಮಿಯಾರು. ಆದರೂ ಆ ಕೆಮ್ಮನ್ನು ಉಡಚಪ್ಪ ಒಬ್ಬೊಬ್ಬರ ಗಂಟಲಿಗೂ ಹೊಂದಿಸಿ ನೋಡಿದ್ದ.

ಅವನದು ತಂಬೂರಿನ ಹರಿಜನ ಕೇರಿ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಜೊತೆಗೆ ಉಣ್ಣುತ್ತಿದ್ದರು, ಶಿದ್ಲಿಂಗಪ್ಪ ಅವನ ಡಬ್ಬಿಯಿಂದ ಶೇಂಗಾಚಟ್ನಿ ಕದಿಯುತ್ತಿದ್ದ, ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮೂರು ವರ್ಷದ ಗೆಳೆತನವೆಲ್ಲ ಆ ಎತ್ತದ ಮಾತಿನ ಮೇಲೆ, ಗಾಜಿನ ಮೇಲೆ ಕೂತ ಹಾಗೆ, ಎಚ್ಚರವಾಗಿ ಕೂತಿತ್ತು. ಲೆಡ್ಜರಿನ ಹಾಳೆ ತಿರುವುತ್ತ ಅವನು ಹುಬ್ಬಳ್ಳಿಯನ್ನು ನೆನೆದ. ಬಡ್ತಿಯ ಸುದ್ದಿ ಬಂದ ಹೊಸದರಲ್ಲಿ ರಾಮವ್ವನನ್ನು ಕರೆದುಕೊಂಡು ಅಲ್ಲಿ ಒಂದು ಮನೆ ನೋಡಿ ಬಂದಿದ್ದ. ಮನೆಯಾಕೆ ಬಹಳ ಒಳ್ಳೆಯವಳು, ಬಂದ ಕೂಡಲೇ ತಂಬಿಗೆಯಲ್ಲಿ ನೀರು ತಂದಿಟ್ಟಳು. "ಯಾವ ಊರವ್ರಿ?" "ಕಲಘಟಗಿ ಕಡೆ ರೀ, ತಂಬೂರ." ಅವಳ ಮುಖ ಅರಳಿತು. "ಅಯ್ಯ ಯವ್ವಾ, ನಮ್ಮ ಅಕ್ಕನ್ನ ಕೊಟ್ಟ ಊರು! ಅಗಸಿ ಕಡೆಯವರೇನು?" "ಅಲ್ಲರಿ." "ಗುಡಿ ಓಣಿಯವರು?" "ಅಲ್ಲರಿ, ಇನ್ನೂ ಮುಂದ." "ಗೌಡ್ರ ಮನಿ ಹಿಂದ? ಸಾಲಿ ಬಾಜೂಕ?" ಅವಳು ಪ್ರೀತಿಯಿಂದಲೇ ಕೇಳುತ್ತಿದ್ದಳು. ಹುಬ್ಬಳ್ಳಿಯ ಆ ಪಡಸಾಲೆಯಲ್ಲಿ ಕೂತು ತಂಬೂರಿನ ಓಣಿ ಓಣಿ ತಿರುಗುತ್ತ, ಒಂದೊಂದೇ ಬಾಗಿಲು ತಟ್ಟುತ್ತ, ಅಲ್ಲರಿ ಅಲ್ಲರಿ ಎನ್ನುವ ಅವನನ್ನು ಹಿಂದಿಟ್ಟುಕೊಂಡು ನಡೆದಳು. ಊರು ಮುಗಿಯಿತು. ಇನ್ನು ಉಳಿದದ್ದು ಊರಾಚೆಯ ಒಂದೇ ಕೇರಿ. ಅಲ್ಲಿ ಬಂದು ನಿಂತಳು. ಅವಳ ಕೈಯಲ್ಲಿದ್ದ ಬೀಗದ ಕೈ ಸೆರಗಿನೊಳಗೆ ಹೋಯಿತು. "ಮನಿ ಒಬ್ರಿಗೆ ಮಾತು ಕೊಟ್ಟೇವಿ. ನಂಗ ನೆನಪ ಇರಲಿಲ್ಲ ನೋಡ್ರಿ." ತಂಬಿಗೆಯ ನೀರನ್ನು ರಾಮವ್ವ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ, "ನೀರು ಸಿಹಿ ಇದ್ದಂಗಿತ್ತು" ಎಂದಷ್ಟೇ ಅಂದಳು.

ಸೋದರಮಾವ ಹೊಳಬಸಪ್ಪ ನೆನಪಾದರೆ ಲೆಡ್ಜರಿನ ಅಂಕಿಗಳು ಕದಡುತ್ತಿದ್ದವು. ಧಾರವಾಡದಲ್ಲಿ ಕಾಲೇಜು ಓದುವಾಗ ಉಡಚಪ್ಪ ಒಂದು ವಠಾರದ ಮೂಲೆಯ ಖೋಲಿಯಲ್ಲಿದ್ದ. ಮಳೆ ಬಂದರೆ ಆ ಊರು ಎಷ್ಟು ಚೆಂದ, ಕಿಟಕಿ ತೆರೆದರೆ ಪಕ್ಕದ ಮನೆಯ ಸಂಗೀತದ ಅಭ್ಯಾಸ ಕೇಳುತ್ತಿತ್ತು. ಯಾರೂ ಏನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಒಂದು ದಿನ ಮಾವ ಊರಿನಿಂದ ಜೋಳದ ಹಿಟ್ಟು ಹೊತ್ತು ಬಂದ. ಬಂದವನು ಒಳಗೆ ಬರಲಿಲ್ಲ. ಕಟ್ಟೆಯ ಮೇಲೂ ಕೂಡಲಿಲ್ಲ. ರಸ್ತೆಯಲ್ಲೇ, ಚಪ್ಪಲಿ ಬಿಟ್ಟು, ಗಂಟನ್ನು ಎದೆಗವುಚಿ, "ಉಡಚಪ್ಪಾ" ಎಂದು ಮೆಲ್ಲಗೆ ಕರೆದು ನಿಂತ. ಮನೆಯ ಯಜಮಾನರು ಆ ನಿಂತ ರೀತಿಯನ್ನೇ ನೋಡುತ್ತಿದ್ದರು. "ಯಾರಪಾ ಅವ?" "ನಮ್ಮ ಹೊಲದ ಆಳು ರೀ" ಎಂದ ಉಡಚಪ್ಪ. ಅದು ಹೇಗೆ ಬಾಯಿಗೆ ಬಂತೋ. ಅವರಿಗೆ ಹೊಲವೇ ಇರಲಿಲ್ಲ. ಮಾವನಿಗೆ ಕೇಳಿಸಿತು. ಅವನು ಯಜಮಾನರ ಕಡೆ ತಿರುಗಿ "ಹೌದ್ರಿ ಎಪ್ಪಾ" ಎಂದು ಕೈ ಮುಗಿದ. ಆಳು ಮುಗಿಯುವಂತೆಯೇ ಮುಗಿದ. ಯಜಮಾನರು ನಂಬಲಿಲ್ಲ, ವಾರದೊಳಗೆ ಖೋಲಿ ಬಿಡಿಸಿದರು. ಖೋಲಿ ಹೋದದ್ದು ಮರೆತಿದೆ. ಮಾವ ಆಮೇಲೂ ಮೊದಲಿನ ಹಾಗೆಯೇ ಮಾತಾಡಿಸುತ್ತ, ಒಮ್ಮೆಯೂ ಅದನ್ನು ತೆಗೆಯದೆ ಇದ್ದಾನಲ್ಲ, ಅದು ಮರೆಯುತ್ತಿಲ್ಲ.

ಬೆಳಗಾವಿ, ದಾವಣಗೆರೆಗಳಲ್ಲೂ ಇದೇ ಕಡೆಯ ಜನ, ಓಣಿ ಹಿಡಿದು ಕೇಳುವವರೇ. ಹೀಗಾಗಿ ಉಳಿದದ್ದು ಬೆಂಗಳೂರು, ಮೈಸೂರು. ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡುಗಳನ್ನು ತರಬೇತಿಗೆ ಹೋದಾಗ ಕಂಡಿದ್ದ. ಅದರ ಕೆಳಗೆ ಬರೆಯದೇ ಬಿಟ್ಟ ಇನ್ನೊಂದು ಸಾಲು ಇದ್ದಂತೆ ಕಂಡಿತ್ತು. ಮೈಸೂರನ್ನು ಅವನು ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ, ರಾತ್ರಿ, ಅರಮನೆಯ ದೀಪಗಳ ಬೆಳಕಿನಲ್ಲಿ. ಗೊತ್ತಿಲ್ಲದ ಊರಾದ್ದರಿಂದ ಅಲ್ಲಿಯ ಜನ ಆ ಪ್ರಶ್ನೆಯನ್ನು ಮೃದುವಾಗಿ ಕೇಳಬಹುದು, ಕೇಳದೆಯೂ ಇರಬಹುದು. ತರಬೇತಿಯಲ್ಲಿ ಸಿಕ್ಕಿದ್ದ ಮೈಸೂರಿನ ಸ್ನೇಹಿತನೊಬ್ಬನಿಗೆ ಮನೆ ನೋಡಲು ಹೇಳಿದ್ದ. ಮನೆ ಆಯಿತೆಂದು ಫೋನು ಬಂದರೆ ಮೈಸೂರು. ಬರದಿದ್ದರೆ, ಬಡ್ತಿ ಬೇಡವೆಂದು ಹೇಳುವುದು, ಹೆಂಡತಿಗೆ ಹವಾ ಆಗಿಬರುವುದಿಲ್ಲ ಎಂದೋ ಏನೋ. ಈ ಗುಟ್ಟನ್ನು ಅವನು ಹೇಳಿದ್ದು ಶಿದ್ಲಿಂಗಪ್ಪನೊಬ್ಬನಿಗೆ. ಗುಟ್ಟಿನಲ್ಲೂ ಮುಖ್ಯವಾದದ್ದನ್ನು ಹೇಳಿರಲಿಲ್ಲ.

ಮಧ್ಯಾಹ್ನ ಗಿರಾಕಿಗಳು ಹೋಗಿ ಬಾಗಿಲು ಅರ್ಧ ಎಳೆದಾದ ಮೇಲೆ, ಶಿದ್ಲಿಂಗಪ್ಪ ಚಹಾ ಕುಡಿದು ಬರುತ್ತೇನೆಂದು ಎದುರಿಗೆ ಕಾಸೀಮಸಾಬನ ಹತ್ತಿ ಅಡತಿಯ ಅಂಗಡಿಯ ಕಡೆ ಹೋದ. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಮೇಜಿನ ಫೋನು ಬಡಿದುಕೊಂಡಿತು. ಅವರು ಕಿವಿಗಿಟ್ಟು, "ಉಡಚಪ್ಪ, ನಿಮಗರಿ, ಮೈಸೂರಿಂದ ಟ್ರಂಕ್ ಕಾಲ್!" ಎಂದರು. ಅವನ ಕಾಲು ಎದ್ದವು, ಅವನು ಹಿಂದಿನಿಂದ ಹೋದ.

"ಮಾತಾಡ್ರಿ ಮೈಸೂರು" ಎಂದಿತು ಆಪರೇಟರಳ ಮೂಗಿನ ದನಿ. ಗರಗರ. ಆಮೇಲೆ ಮುದಿ ಗಂಟಲು, ತುಪ್ಪ ಹಚ್ಚಿದಂಥದು. "ಉಡಚಪ್ಪನವರೇನು ಮಾತಾಡ್ತಿರೋದು? ನಾನು ರಿಟೈರ್ಡ್ ಹೆಡ್‌ಮಾಸ್ಟರು. ತಮ್ಮ ಸ್ನೇಹಿತರು ಮನೆ ವಿಚಾರ ಹೇಳಿದ್ರು."

"ಹೌದ್ರಿ ಸರ, ನಮಸ್ಕಾರ್ರೀ!" ಟ್ರಂಕ್ ಕಾಲಿನಲ್ಲಿ ಎಲ್ಲರೂ ಮಾಡುವಂತೆ ಕೂಗಿಯೇ ಹೇಳಿದ.

"ಬಾಗಿಲಲ್ಲಿ ಪಾರಿಜಾತ ಇದೆ. ಹೂ ಕೀಳೋ ಅಭ್ಯಾಸ ಉಂಟೋ?"

"ಇಲ್ಲರೀ!"

"ಸ್ನಾನ ಮಾಡ್ವಾಗ ಹಾಡ್ತೀರೋ?"

"ಇಲ್ಲರೀ ಸರ, ಎಂದೂ ಹಾಡಿಲ್ಲರೀ!" ಹಿಂದೆ ಯಾರೋ ಮೂಗಿನಲ್ಲಿ ನಕ್ಕರು.

"ಸಂತೋಷ. ನಿಮ್ಮ ಕಡೆ ಅದೇನೋ ರೊಟ್ಟಿ ಬಡೀತಾರಂತಲ್ಲ. ನಮ್ಮನೆಯವರಿಗೆ ಬೆಳಗಿನ ಹೊತ್ತು ತಲೆನೋವು. ಸದ್ದಿಲ್ಲದೆ ಬಡಿಯೋಕಾಗಲ್ವೋ?"

"ಆಗತದರೀ! ಸಾವಕಾಶ ಬಡಿ ಅಂತ ಹೇಳ್ತೀನ್ರಿ. ಅಥವಾ ಅಲ್ಲಿ ಅನ್ನಾನ ಉಣ್ತೇವ್ರಿ, ರೊಟ್ಟಿ ಬ್ಯಾಡ್ರಿ." ಹೇಳುತ್ತಿದ್ದಂತೆ ಬೆಳಗಿನ ರಾಮವ್ವನ ಬೆನ್ನು ಕಂಡಿತು. ಬೆನ್ನಿಗೂ ಕಿವಿಯಿರುತ್ತದೆ ಅನ್ನಿಸಿತು. ಆದರೂ ಮನೆ ಆಗುತ್ತಿತ್ತು. ಪಾರಿಜಾತದ ಬಾಗಿಲು ತೆರೆಯುತ್ತಿತ್ತು, ಒಳಗೆ ನಳದ ನೀರು ಬೀಳುವ ಸಪ್ಪಳ, ಹೊರಗಿನ ಖೋಲಿಯ ಗೋಡೆ ಬೆಳ್ಳಗೆ. ಇಷ್ಟು ಸುಲಭವೇ? ರೊಟ್ಟಿ ಬಿಟ್ಟರೆ, ಹಾಡು ಬಿಟ್ಟರೆ, ಇಷ್ಟರಲ್ಲೇ ಒಂದು ಊರು ಸಿಗುವುದೇ?

"ತುಂಬಾ ಸಂತೋಷ. ಇನ್ನೊಂದೇ ಒಂದು. ತಾವು ತಪ್ಪು ತಿಳ್ಕೋಬಾರದು." ದನಿ ಇನ್ನೂ ಮೆತ್ತಗಾಯಿತು. "ತಾವು ಯಾವ ಜನ?"

ಗೋಡೆಯ ಕ್ಯಾಲೆಂಡರು ಗಾಳಿಗೆ ಪಟಪಟ ಎನ್ನುತ್ತಿತ್ತು. ಉಡಚಪ್ಪ ಅದರ ಕಡೆ ತಿರುಗಿ ಬ್ಯಾಂಕಿಗೆ ಬೆನ್ನು ಮಾಡಿದ. ಕಿವಿಯೊಳಗೆ ಗರಗರ. ಆ ಪ್ರಶ್ನೆ ಇಷ್ಟು ದೂರದಿಂದ, ಇಷ್ಟು ಹೊಳೆ ದಾಟಿ, ಇಷ್ಟು ವಿನಯವಾಗಿ ಬಂದು ಅವನ ಕಿವಿಯನ್ನೇ ಹುಡುಕಿಕೊಂಡಿತಲ್ಲ. ನಿಜ ಹೇಳಿದರೆ ಆ ಕಡೆ ಒಂದು ಬೀಗದ ಕೈ ಸೆರಗಿನೊಳಗೆ ಹೋಗುತ್ತದೆ. ಅಂಗೈಯಿಂದ ಬಾಯಿ ಮರೆಮಾಡಿ ಮೆಲ್ಲಗೆ ಏನೋ ಅಂದ.

"ಏನಂದ್ರಿ? ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಮತ್ತೊಮ್ಮೆ ಅಂದ.

"ಜೋರಾಗಿ ಸ್ವಾಮಿ, ಜೋರಾಗಿ!"

"ಇಲ್ಲಿ ನಮ್ಮ ಕ್ಯಾಶಿಯರ್ ಶಿದ್ಲಿಂಗಪ್ಪ ಅಂತ ಅದಾರ್ರೀ. ನಾವೂ ಅವರ ಪೈಕಿನರೀ!"

ಕೂಗಿಬಿಟ್ಟಿದ್ದ. ಹೇಳಿದ ಮಾತು ಅಂಗೈಗೆ ಬಿಸಿಯಾಗಿ ತಾಗಿತು. ಹಿಂದೆ ತಿರಕಪ್ಪ ಹರವಿಗೆ ನೀರು ಹೊಯ್ಯುತ್ತಿದ್ದ ಸದ್ದು ನಿಂತಿತು. ಅಂದರೆ ಕೇಳಿಸಿತೋ, ಅಥವಾ ನೀರೇ ಮುಗಿಯಿತೋ. ಫೋನಿನ ಆ ತುದಿಯಲ್ಲಿ ಮುದುಕ ಮಾತಾಡಲಿಲ್ಲ. ಆ ಮೌನದ ಹಿಂದೆ ಎತ್ತಿನ ಗಾಡಿಯ ಗೆಜ್ಜೆ ಕೇಳಿಸಿತು. ಯಾರೋ "ಹಿಂದ ಹೊಡಿಯೋ ಗಾಡಿ, ಅಂಡಿಗಿ ಇಳಸೋದೈತಿ" ಎಂದು ಕೂಗಿದರು. ಮೈಸೂರಿನಲ್ಲಿ ಹತ್ತಿ ತುಂಬಿದ ಅಂಡಿಗೆ ಇಳಿಸುವವರು ಯಾರು ಎಂದು ಉಡಚಪ್ಪ ಯೋಚಿಸಿದ. ಅದೇ ಮಾತು ಬ್ಯಾಂಕಿನ ಅರ್ಧ ಎಳೆದ ಬಾಗಿಲಿನಿಂದಲೂ ಒಳಗೆ ಬಂದಿತ್ತು. ಫೋನು ಕಡಿಯಿತು. ಅವನು ತಿರುಗಿದಾಗ ಮ್ಯಾನೇಜರು ಕರ್ಚೀಫು ಬಾಯಿಗಿಟ್ಟು ಭುಜ ಕುಣಿಸುತ್ತಿದ್ದರು. ಆಪರೇಟರಳು, ಹೆಡ್‌ಮಾಸ್ಟರು, ಪಾರಿಜಾತ, ತಲೆನೋವಿನ ಹೆಂಡತಿ, ಎಲ್ಲರೂ ಒಬ್ಬನೇ, ಅಡತಿಯ ಫೋನು ಹಿಡಿದಿದ್ದ ಶಿದ್ಲಿಂಗಪ್ಪ. ಅವನು ಈಗ ರಸ್ತೆ ದಾಟಿ ಬರುತ್ತಿದ್ದಾನೆ.

ತಾನು ಯಾರ ಜಾತಿಯನ್ನು ಕದ್ದನೋ ಅವನ ಕಿವಿಯಲ್ಲೇ ಕೂಗಿ ಹೇಳಿದ್ದ. ಉಡಚಪ್ಪ ತನ್ನ ಜಾಗಕ್ಕೆ ಹೋಗಿ ಕೂತು ಪೆನ್ನು ತೆಗೆದುಕೊಂಡ, ಅದರ ಟೊಪ್ಪಿಗೆ ಹುಡುಕಿದ. ಟೊಪ್ಪಿಗೆ ಪೆನ್ನಿನ ಮೇಲೆಯೇ ಇತ್ತು.

"ಬಂದರಪಾ ಹೆಡ್‌ಮಾಸ್ತರು!" ಎಂದರು ಮ್ಯಾನೇಜರು. "ಬರ್ರಿ, ನಮಗ ಆ ಕಡೆ ಮಾತು ಕೇಳಿಸಿಲ್ಲ. ಮೊದಲಿಂದ ಮಾಡಿ ತೋರಸ್ರಿ, ಏನೇನು ಕೇಳಿದ್ರಿ." ಶಿದ್ಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ಅಂಗಿಯ ತೋಳಿಗೆ ಹತ್ತಿ ಮೆತ್ತಿತ್ತು. ಅವನ ಮುಖದಲ್ಲಿ ಯಾರ ಮುಖವೂ ಇರಲಿಲ್ಲ. "ಬ್ಯಾಡ್ರಿ ಸಾಹೇಬ್ರ, ಗಂಟಲಾ ಹಿಡದೈತಿ" ಎಂದ. "ಏ, ಏನ ಸೋಗು ಹಾಕ್ತೀರೀ" ಎಂದು ತಿರಕಪ್ಪ ಸ್ಟೂಲು ಎಳೆದುಕೊಂಡ. ಎಲ್ಲರೂ ಬಿಡಲಿಲ್ಲ. ಶಿದ್ಲಿಂಗಪ್ಪ ಶುರುಮಾಡಿದ. ಮೊದಲು ಸಣ್ಣದಾಗಿ, ಆಮೇಲೆ ಗಂಟಲು ತಾನೇ ತಾನಾಗಿ ಬಿಸಿಯೇರಿ, ಎರಡೂ ಕಡೆಯ ದನಿಯಲ್ಲಿ. ಆಪರೇಟರಳು ಬಂದಳು. ಮುದುಕ ಬಂದ. ಆಮೇಲೆ ಉಡಚಪ್ಪ ಬಂದ. "ಇಲ್ಲರೀ ಸರ, ಎಂದೂ ಹಾಡಿಲ್ಲರೀ!" ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಎಂಬುದು ಉಡಚಪ್ಪನಿಗೆ ಮೊದಲ ಸಲ ಗೊತ್ತಾಯಿತು. ತೆಳ್ಳಗೆ, ಕೊನೆಯಲ್ಲಿ ಬಾಗಿ, ಕೈ ಮುಗಿದ ಹಾಗೆ. ಹೂವಿನದು ಆಗಿಹೋಗಿತ್ತು. ರೊಟ್ಟಿಯದು ಆಯಿತು, ಮ್ಯಾನೇಜರು ಮೇಜು ಬಡಿದರು. ಇನ್ನು ಒಂದೇ ಉಳಿದಿತ್ತು. ಹುಬ್ಬಳ್ಳಿಯಾಕೆಯಂತೆ ಶಿದ್ಲಿಂಗಪ್ಪ ಓಣಿ ಓಣಿ ದಾಟಿ ಅಲ್ಲಿಗೇ ಬರುತ್ತಿದ್ದ. ನಿಲ್ಲು ಎಂದರೆ ಏಕೆ ಎನ್ನುತ್ತಾರೆ. ಎದ್ದು ಹೋದರೆ ಹೋದವನ ಬೆನ್ನ ಹಿಂದೆ ಅದು ಇನ್ನೂ ದೊಡ್ಡದಾಗಿ ನಡೆಯುತ್ತದೆ.

"ತಾವು ತಪ್ಪು ತಿಳ್ಕೋಬಾರದು" ಎಂದ ಮುದುಕ. "ತಾವು ಯಾವ ಜನ?"

ಯಾರೋ ನಗಲು ಬಾಯಿ ತೆರೆದವರು ಹಾಗೇ ಉಳಿದರು. ಶಿದ್ಲಿಂಗಪ್ಪನ ಕಣ್ಣು ಉಡಚಪ್ಪನ ಕಣ್ಣಿಗೆ ಸಿಕ್ಕಿತು. ಆ ಪ್ರಶ್ನೆ ಕೇಳಬೇಕೆಂದು ಅವನು ಹೋಗಿರಲಿಲ್ಲ, ಮುದುಕನ ದನಿ ಹತ್ತಿದ ಮೇಲೆ ಮುದುಕನೇ ಕೇಳಿದ್ದ, ಅಂಥ ಮುದುಕ ಕೇಳದೆ ಇರುವುದು ಹೇಗೆ, ಎಂದು ಆ ಕಣ್ಣು ಹೇಳುತ್ತಿದೆಯೇ? ಅಥವಾ, ನೋಡು ಮಗನೇ, ಈಗ ನೀನು ನನ್ನ ಕೈಯಲ್ಲಿದ್ದೀ, ಎನ್ನುತ್ತಿದೆಯೇ? ಶಿದ್ಲಿಂಗಪ್ಪ ತೋಳಿನ ಹತ್ತಿ ಕೊಡವಿದ. ಅಂಗೈಯಿಂದ ಬಾಯಿ ಮರೆಮಾಡಿಕೊಂಡ. ಉಡಚಪ್ಪನ ದನಿಯಲ್ಲಿ, ಕೂದಲೆಳೆಯೂ ತಪ್ಪದ ಆ ತೆಳ್ಳನೆಯ ದನಿಯಲ್ಲಿ, "ನಾವು..." ಎಂದ. ನಿಂತ.

"ನಾವು ಪ್ರಮೋಶನ್ ಆದ ಜನಾ ರೀ!"

ಬ್ಯಾಂಕು ಒಡೆದಂತೆ ನಗು. ಮ್ಯಾನೇಜರ ಕನ್ನಡಕ ಜಾರಿತು, ತಿರಕಪ್ಪ ಸ್ಟೂಲಿನಿಂದ ಎದ್ದು ಗೋಡೆ ಹಿಡಿದುಕೊಂಡ. ಕೇಳಿಸಿಕೊಂಡಿದ್ದವರೂ ನಕ್ಕರೋ, ಕೇಳಿಸಿಕೊಂಡದ್ದರಿಂದಲೇ ಇಷ್ಟು ನಕ್ಕರೋ. ಶಿದ್ಲಿಂಗಪ್ಪ ತನ್ನನ್ನು ಉಳಿಸಿದನೋ, ಇರಿದನೋ. ಉಡಚಪ್ಪನಿಗೆ ತನ್ನ ಬಾಯಿಯೂ ತೆರೆದುಕೊಂಡಿದೆ ಎಂದು ತಿಳಿದದ್ದು ಅದರಿಂದ ಬಂದ ಸದ್ದು ಕೇಳಿ. ಅವನೂ ನಗುತ್ತಿದ್ದ. "ಹಂಗಾರ ಮೈಸೂರ ಅಂತ ಹೇಳಲೇನ್ರಿ ಸಾಹೇಬ್ರ?" ಎಂದರು ಮ್ಯಾನೇಜರು ಕಣ್ಣೊರೆಸಿಕೊಂಡು, ಫೋನಿನ ಕಡೆ ಕೈ ಚಾಚಿ. ಉಡಚಪ್ಪ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ಇಡೀ ಮೈಯೇ ಆಡುತ್ತಿತ್ತು. "ಎಲ್ಲಾದರೂ... ಹೇಳ್ರಿ... ಸಾಹೇಬ್ರ... ಎಲ್ಲಾ ಊರೂ... ಇಲ್ಲೇ ಅದಾವು" ಎಂದ, ಶಿದ್ಲಿಂಗಪ್ಪನ ಗಂಟಲನ್ನು ಬೆರಳು ಮಾಡಿ ತೋರಿಸುತ್ತ, ಅದಕ್ಕೆ ಮತ್ತೊಂದು ಅಲೆ ಎದ್ದಿತು. ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೆಮ್ಮಿದರು, ನೀರು ಕುಡಿದರು, ಕುರ್ಚಿ ಎಳೆದುಕೊಂಡರು. ಶಿದ್ಲಿಂಗಪ್ಪ ಹತ್ತಿರ ಬಂದು ತೋಳು ಹಿಡಿದು, "ಸಾಕಲೇ ಉಡಚ್ಯಾ. ಸಾಕು, ಬಿಡು" ಎಂದ, ಯಾರ ದನಿಯೂ ಅಲ್ಲದ ದನಿಯಲ್ಲಿ. ಉಡಚಪ್ಪ ಬಿಡಲಿಲ್ಲ. ನಿಲ್ಲಿಸಿದ ಕೂಡಲೇ ಯಾರಾದರೂ ಏನಾದರೂ ಕೇಳಿಯಾರು. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಅರ್ಧ ಎಳೆದ ಬಾಗಿಲಾಚೆ ಅಂಡಿಗೆ ಇಳಿಸುತ್ತಿದ್ದವರು ಕೈ ನಿಲ್ಲಿಸಿ ಬಗ್ಗಿ ನೋಡುವ ಹಾಗೆ, ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದ.